ಕೆಂಬುಡೆ: ಕಾರ್ಕಳ ಸೀಮೆಯ ಮನೆಯಡುಗೆಯಲ್ಲಿ ಸಿಹಿಗುಂಬಳ

ಕೆಂಬುಡೆ ಎಂಬುದು ಸೌತೆ, ಹೀರೆ, ಹಾಗಲ ಮೊದಲಾದವುಗಳನ್ನೊಳಗೊಂಡ ಕುಕರ್ಬಿಟೇಸಿ ಕುಟುಂಬಕ್ಕೆ ಸೇರಿದ, ನೆಲದ ಮೇಲೆ ಹಬ್ಬಿ ಒಂದೇ ಋತುವಿನಲ್ಲಿ ತನ್ನ ಜೀವಿತವನ್ನು ಮುಗಿಸುವ ಬಳ್ಳಿಯೊಂದಕ್ಕೂ ಅದರ ತೋರವಾದ, ಹಳದಿ ಅಥವಾ ಕಿತ್ತಳೆವರ್ಣದ ತಿರುಳುಳ್ಳ ಫಲಕ್ಕೂ ತುಳುನಾಡಿನಲ್ಲಿ ಸಲ್ಲುವ ಹೆಸರು. ಪಶ್ಚಿಮ ಘಟ್ಟದ ಬುಡದಲ್ಲಿರುವ ಕಾರ್ಕಳ ಮತ್ತು ಅದರ ನೆರೆಯ ಉಡುಪಿ, ಕಾಪು ಪ್ರದೇಶಗಳ ಗೃಹಪಾಕದಲ್ಲಿ ಇದು ಹುಳಿ, ಪಲ್ಯ, ದೋಸೆ, ಕಡುಬು, ಪಾಯಸಗಳೆಲ್ಲಕ್ಕೂ ಒದಗುವ, ಮಳೆಗಾಲಕ್ಕೆಂದು ಕೂಡಿಡಬಹುದಾದ ಪ್ರಧಾನ ತರಕಾರಿಗಳಲ್ಲಿ ಒಂದು. ಜಪಾನಿನ ಕಬೋಚವು ಇದೇ ಕುಲದ ಫಲವಾದುದರಿಂದ ಅದರ ಪಾಕವಿಚಾರವನ್ನೂ ಇಲ್ಲಿ ಸೇರಿಸಿದೆ.

ಹೆಸರುಗಳು

ಕೆಂಬುಡೆ ಎಂಬ ಪದದ ಆದಿಯಲ್ಲಿರುವ 'ಕೆಂ' ಎಂಬುದು ಕೆಂಪನ್ನು ಸೂಚಿಸತಕ್ಕುದು. ತುಳುವಿನಲ್ಲಿ ಬರಿಯ 'ಕುಂಬುಡ' ಎಂದರೆ ಬೂದುಗುಂಬಳ. ಅದರಿಂದ ಈ ಫಲವನ್ನು ಬೇರ್ಪಡಿಸಲು ಬಣ್ಣವೇ ಗುರುತಾಯಿತು. ಹಳೆಯ ಮೈಸೂರಿನ ಕಡೆ ಸಿಹಿಗುಂಬಳ ಎಂದು ರುಚಿಯಿಂದ ಹೆಸರಿಸಿದರೆ, ಹವ್ಯಕರ ಮನೆಗಳಲ್ಲಿ ಚೀನಿಕಾಯಿ ಎಂಬ ಮಾತು ರೂಢವಾಗಿದೆ. ಕಾರ್ಕಳದ ಗೌಡ ಸಾರಸ್ವತರು ತಮ್ಮ ಕೊಂಕಣಿಯಲ್ಲಿ ಇದನ್ನು ದುದ್ದಿ ಎನ್ನುವರು. ಉತ್ತರ ಕರ್ನಾಟಕದಲ್ಲಿ ವಿಶೇಷಣವಿಲ್ಲದೆ ಕುಂಬಳಕಾಯಿ ಎಂದರೇ ಈ ಕೆಂಪು ಫಲವೆಂದು ತಿಳಿಯುವುದುಂಟು, ಕರಾವಳಿಯಲ್ಲಿ ಅದೇ ಮಾತು ಬೂದುಗುಂಬಳವನ್ನು ತೋರಿಸುತ್ತದೆ. ಆದುದರಿಂದ ಪಾಕವಿಧಾನವನ್ನು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಕೊಂಡೊಯ್ಯುವವರು ಈ ಭೇದವನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಕಾಶಿ ಹಲ್ವವೂ ಕುಂಬಳದ ಸಂಡಿಗೆಯೂ ಬೂದುಗುಂಬಳದವು, ಕೆಂಬುಡೆಯವಲ್ಲ. ಈ ಲೇಖನದಲ್ಲಿ ಕೆಂಬುಡೆ ಎಂಬ ಪದವನ್ನು ಸಿಹಿಗುಂಬಳಕ್ಕೆ ಮಾತ್ರ ಬಳಸಿದೆ.

ಮೂಲ ಮತ್ತು ಆಗಮನ

ಊರಿನ ಅಟ್ಟದಲ್ಲಿಯೂ ದೇವಾಲಯದ ಸಂತರ್ಪಣೆಯಲ್ಲಿಯೂ ಇಷ್ಟು ನೆಲೆಯೂರಿರುವ ಈ ಫಲವು ಹುಟ್ಟಿನಿಂದ ಈ ದೇಶದ್ದಲ್ಲ. ಕುಕರ್ಬಿಟ ಎಂಬ ಇದರ ಕುಲ ಸಂಪೂರ್ಣವಾಗಿ ಅಮೆರಿಕ ಖಂಡದ್ದು. ಮೆಕ್ಸಿಕೋ ದೇಶದ ಓಆಹಾಕಾ ಪ್ರಾಂತದ ಗುಹೆಯೊಂದರಲ್ಲಿ ದೊರೆತ ಈ ಕುಲದ ಬೀಜಗಳು ಸುಮಾರು 10,000 ವರ್ಷಗಳಷ್ಟು ಹಿಂದೆಯೇ ಮನುಷ್ಯನು ಇದನ್ನು ಬೇಸಾಯಕ್ಕೆ ತಂದಿದ್ದನೆಂಬುದನ್ನು ತೋರಿಸುತ್ತವೆ. 1492ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಮುದ್ರವನ್ನು ದಾಟಿದ ತರುವಾಯವೇ ಅದು ಹಳೆಯ ಪ್ರಪಂಚಕ್ಕೆ ಬಂದುದು. 1498ರಲ್ಲಿ ಮಲಬಾರಿಗೆ ಬಂದು, 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡು, ಮುಂದೆ ಬಸ್ರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿಕೊಂಡ ಪೋರ್ತುಗೀಸರ ವ್ಯಾಪಾರಮಾರ್ಗಗಳಲ್ಲಿಯೇ ಮೆಣಸಿನಕಾಯಿ, ಗೇರು, ಅನಾನಸುಗಳಂತೆ ಇದೂ ಈ ಕರಾವಳಿಯನ್ನು ಮುಟ್ಟಿತೆಂದು ತಿಳಿಯಲಾಗಿದೆ. ಆದಕಾರಣ ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ, ಪಾಕಶಾಸ್ತ್ರದ ಅಧ್ಯಾಯವನ್ನೂ ಒಳಗೊಂಡ 'ಲೋಕೋಪಕಾರ'ದಂತಹ ಪ್ರಾಚೀನ ಕನ್ನಡ ಗ್ರಂಥಗಳ ಕಾಲದಲ್ಲಿ ಕುಂಬಳವೆಂದರೂ ಸಂಸ್ಕೃತದಲ್ಲಿ ಕೂಷ್ಮಾಂಡವೆಂದರೂ ಅದು ಬೂದುಗುಂಬಳವೇ ಹೊರತು ಕೆಂಬುಡೆಯಾಗಿರಲು ಅವಕಾಶವಿಲ್ಲ. ತಡವಾಗಿ ಬಂದ ಅತಿಥಿಯು ಮನೆಯ ಹಿರಿಯನ ಹೆಸರನ್ನೇ ಒಂದು ವಿಶೇಷಣದೊಡನೆ ಪಡೆದುಕೊಂಡು ಮನೆಯವನಾದುದು ಇದರ ಇತಿಹಾಸದ ಮುಖ್ಯ ಸಂಗತಿ.

ಇದೇ ಬಗೆಯ ಸಂಗತಿ ಜಪಾನಿನಲ್ಲಿಯೂ ನಡೆಯಿತು. 16ನೆಯ ಶತಮಾನದಲ್ಲಿ ಪೋರ್ತುಗೀಸರು ಕಾಂಬೋಡಿಯದ ಮಾರ್ಗವಾಗಿ ಅಲ್ಲಿಗೆ ಒಯ್ದ ಈ ಕಾಯಿಗೆ ಆ ದೇಶದ ಹೆಸರಿನಿಂದಲೇ ಕಬೋಚ ಎಂಬ ಪದ ಉಂಟಾಯಿತು. ಚೀನಿಕಾಯಿ ಎಂಬ ನಮ್ಮ ಹೆಸರೂ ಹಾಗೆಯೇ ಹುಟ್ಟಿದ ನಾಡನ್ನು ಬಿಟ್ಟು ಇನ್ನೊಂದು ದೂರದೇಶವನ್ನು ಧ್ವನಿಸುತ್ತದೆ. ಗಮನಿಸತಕ್ಕ ವಿಷಯವೇನೆಂದರೆ, ಜಪಾನಿಗೆ ಮೊದಲು ಹೋದ ಕಬೋಚವು ಕುಕರ್ಬಿಟ ಮಾಸ್ಕಾಟ ಎಂಬ ಜಾತಿಯದು, ಅಂದರೆ ನಮ್ಮ ಕೆಂಬುಡೆಯ ಜಾತಿಯೇ. ಇಂದು ಪ್ರಪಂಚದ ಅಂಗಡಿಗಳಲ್ಲಿ ಕಬೋಚವೆಂದು ಮಾರಾಟವಾಗುವ ಕಡುಹಸುರು ತೊಗಟೆಯ ಚಪ್ಪಟೆ ಕಾಯಿಯು 19ನೆಯ ಶತಮಾನದಲ್ಲಿ ಅಮೆರಿಕದಿಂದ ಜಪಾನಿಗೆ ಹೋದ ಕುಕರ್ಬಿಟ ಮ್ಯಾಕ್ಸಿಮ ಎಂಬ ಬೇರೆ ಜಾತಿಯದು.

ಸಸ್ಯಲಕ್ಷಣ

ಬಳ್ಳಿಯ ಕಾಂಡ ಒರಟಾದ ರೋಮಗಳಿಂದ ಕೂಡಿರುತ್ತದೆ. ಎಲೆ ಅಗಲವಾಗಿದ್ದು ಮಾಸ್ಕಾಟ ಜಾತಿಯಲ್ಲಿ ನರಗಳ ಸಂದುಗಳಲ್ಲಿ ಬಿಳಿಯ ಮಚ್ಚೆಗಳು ಅನೇಕವೇಳೆ ಕಾಣಿಸುವುವು. ಗಂಡುಹೂವೂ ಹೆಣ್ಣುಹೂವೂ ಒಂದೇ ಬಳ್ಳಿಯಲ್ಲಿ ಪ್ರತ್ಯೇಕವಾಗಿ ಬಿಡುತ್ತವೆ. ಹೆಣ್ಣುಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರದ ಅಂಡಾಶಯವಿರುವುದು, ಗಂಡುಹೂವು ನೀಳವಾದ ಬರಿಯ ತೊಟ್ಟಿನ ಮೇಲೆ ನಿಂತಿರುವುದು. ಈ ಭೇದವನ್ನರಿತ ಗೃಹಿಣಿಯರು ಅಡುಗೆಗೆ ಗಂಡುಹೂವನ್ನು ಮಾತ್ರ ಕೊಯ್ಯುತ್ತಾರೆ. ಹೂಗಳು ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುವುದರಿಂದ ಜೇನ್ನೊಣಗಳ ಮೂಲಕ ಆಗಬೇಕಾದ ಪರಾಗಸ್ಪರ್ಶಕ್ಕೆ ದೊರೆಯುವ ಕಾಲ ಕೆಲವೇ ಗಂಟೆಗಳು. ಮಳೆ ಹಿಡಿದ ಮುಂಜಾನೆಗಳಲ್ಲಿ ನೊಣ ಹಾರದಾಗ ಗಂಡುಹೂವಿನ ಪರಾಗವನ್ನು ಕೈಯಿಂದಲೇ ಹೆಣ್ಣುಹೂವಿಗೆ ಮುಟ್ಟಿಸುವುದುಂಟು.

ಜಾತಿಯನ್ನು ಗುರುತಿಸಲು ಕಾಯಿಯ ತೊಟ್ಟೇ ಅತ್ಯಂತ ನಂಬಲರ್ಹವಾದ ಸಾಧನ. ಕೆಂಬುಡೆಯ ತೊಟ್ಟು ಗಡುಸಾಗಿ, ಐದು ಏಣುಗಳುಳ್ಳದಾಗಿ, ಕಾಯಿಗೆ ಕೂಡುವಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಕಬೋಚದ ತೊಟ್ಟು ಗುಂಡಾಗಿ, ದಪ್ಪವಾಗಿ, ಒಣಗಿದಾಗ ಬಿರಟೆಯಂತೆ ಹಗುರಾಗಿ ಬಿರಿಯುತ್ತದೆ.

ಬಗೆಗಳು

ಊರಿನ ಕೆಂಬುಡೆಗಳಲ್ಲಿ ಚಪ್ಪಟೆಯಾಗಿ ಆಳವಾದ ಗೀರುಗಳುಳ್ಳವು, ಗುಂಡಾದವು, ಸೋರೆಯಂತೆ ನೀಳವಾದವು ಎಂದು ಆಕಾರಭೇದಗಳುಂಟು. ಎಳೆಯದರಲ್ಲಿ ಹಸುರಾದ ತೊಗಟೆ ಬಲಿತಂತೆ ಕಂದು ಅಥವಾ ಮಾಸಲು ಕಿತ್ತಳೆಯಾಗಿ, ಮೇಲೆ ಬೂದಿಯಂತಹ ತೆಳುವಾದ ಮೇಣದ ಲೇಪ ಮೂಡುತ್ತದೆ. ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ ತಳಿಗಳಲ್ಲಿ ಅರ್ಕಾ ಚಂದನ್ ಮಾಸ್ಕಾಟ ಜಾತಿಯದು, 2ರಿಂದ 3 ಕಿಲೋಗ್ರಾಂ ತೂಗುವುದು; ಅರ್ಕಾ ಸೂರ್ಯಮುಖಿಯು ಮ್ಯಾಕ್ಸಿಮ ಜಾತಿಯದಾಗಿ, ಕಿತ್ತಳೆಬಣ್ಣದ ಮೇಲೆ ಕೆನೆಬಿಳುಪಿನ ಪಟ್ಟೆಗಳುಳ್ಳ, ಸುಮಾರು 1 ಕಿಲೋಗ್ರಾಂ ತೂಕದ ಸಣ್ಣ ಕಾಯಿ. ಆದುದರಿಂದ ಕಬೋಚದ ನಿಕಟಬಂಧುವೊಂದು ಕರ್ನಾಟಕದ ಹೊಲಗಳಿಗೆ ಅಪರಿಚಿತವೇನಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ಅಂಬಿಲಿ ಎಂಬ ತಳಿಯು ಪಶ್ಚಿಮ ಕರಾವಳಿಯ ಹವೆಗೆ ಒಪ್ಪುವುದು.

ಬೇಸಾಯ ಮತ್ತು ಸಂಗ್ರಹ

ವರ್ಷಕ್ಕೆ 4,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಆ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬಂದುಹೋಗುವ ಕಾರ್ಕಳದಂತಹ ಪ್ರದೇಶದಲ್ಲಿ ತರಕಾರಿಯ ಬೇಸಾಯವು ಮಳೆಯ ಬೆನ್ನನ್ನು ನೋಡಿ ಆರಂಭವಾಗತಕ್ಕುದು. ಏಣೆಲು ಎಂಬ ಮಳೆಗಾಲದ ಭತ್ತದ ಕೊಯ್ಲಾದ ಮೇಲೆ, ನೀರಿನ ಅನುಕೂಲವಿದ್ದ ಬೆಟ್ಟು (ಎತ್ತರದ) ಮತ್ತು ಮಜಲು (ನಡುಮಟ್ಟದ) ಗದ್ದೆಗಳಲ್ಲಿ ಹೊಂಡ ತೋಡಿ, ಸುಡುಮಣ್ಣನ್ನೂ ಹಟ್ಟಿಗೊಬ್ಬರವನ್ನೂ ಬೆರೆಸಿ, ಒಂದೊಂದು ಹೊಂಡದಲ್ಲಿ ಮೂರುನಾಲ್ಕು ಬೀಜಗಳಂತೆ ಊರಿ, ಕೊಡಪಾನದಿಂದ ನೀರೆರೆದು ಸೌತೆ, ಅಲಸಂಡೆ, ಬೆಂಡೆಗಳ ಜೊತೆಯಲ್ಲಿ ಕೆಂಬುಡೆಯನ್ನು ಬೆಳೆಸುವ ಪದ್ಧತಿ ಹಿಂದಿನದು. ಬಿತ್ತಿದ ನಾಲ್ಕು ತಿಂಗಳೊಳಗೆ ಕಾಯಿ ಬಲಿಯುತ್ತದೆ. ಕಾಯಿಯನ್ನು ಚುಚ್ಚಿ ಮೊಟ್ಟೆಯಿಡುವ ಹಣ್ಣುನೊಣವು ಮುಖ್ಯ ಶತ್ರು. ಅದಕ್ಕಾಗಿ ಎಳೆಗಾಯಿಗಳನ್ನು ಒಣಹುಲ್ಲಿನಿಂದಲೋ ಎಲೆಗಳಿಂದಲೋ ಮರೆಮಾಡುತ್ತಾರೆ.

ಕೆಂಬುಡೆಯ ನಿಜವಾದ ಮಹತ್ತ್ವವಿರುವುದು ಕೊಯ್ಲಿನ ಅನಂತರದ ಬಾಳಿಕೆಯಲ್ಲಿ. ತುಳುವರ ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಅವಧಿ, ಗದ್ದೆಯಲ್ಲಿ ಬೆಳೆ ಕೈಗೆ ಬರದ, ಸಂತೆಗೆ ಹೋಗುವ ದಾರಿ ಹೊಳೆಯ ನೆರೆಯಿಂದ ಕಡಿದುಹೋಗುತ್ತಿದ್ದ, ಪೂರ್ವಕಾಲದಲ್ಲಿ ನಿಜವಾಗಿಯೂ ಹಸಿವನ್ನು ಕಂಡ ಕಾಲವಾಗಿತ್ತು. ಆ ದಿನಗಳಿಗೆಂದು ಬೇಸಗೆಯಲ್ಲಿಯೇ ಸೌತೆ, ಬೂದುಗುಂಬಳ, ಕೆಂಬುಡೆಗಳನ್ನು ಬಾಳೆಯ ನಾರಿನಿಂದಲೋ ತೆಂಗಿನ ಗರಿಯ ಸೀಳಿನಿಂದಲೋ ಬಿಗಿದು ಮನೆಯ ಮಾಡಿನ ಜಂತಿಗಳಿಗೆ ಸಾಲಾಗಿ ತೂಗುಹಾಕುತ್ತಿದ್ದರು. ಒಲೆಯ ಬಿಸಿಯೂ ಹೊಗೆಯೂ ಮಳೆಗಾಲದ ತೇವವನ್ನು ಅಲ್ಲಿಂದ ದೂರವಿಡುತ್ತಿದ್ದುವು. ನೇತಾಡುವ ಕಾಯಿಗೆ ಸುತ್ತಲೂ ಗಾಳಿಯಾಡುವುದರಿಂದಲೂ ತನ್ನ ಭಾರಕ್ಕೆ ತಾನೇ ಒತ್ತಿಕೊಳ್ಳುವ ಜಾಗವಿಲ್ಲದುದರಿಂದಲೂ ಕೊಳೆಯು ಹತ್ತಲು ಎಡೆ ಕಡಿಮೆ. ಜಪಾನೀಯರು ಬೇಸಗೆಯ ಕಬೋಚವನ್ನು ಕೂಡಿಟ್ಟು ಚಳಿಗಾಲದ ಅತ್ಯಂತ ಹ್ರಸ್ವವಾದ ಹಗಲಿನ ದಿನದಂದು ಬೇಯಿಸಿ ತಿನ್ನುವ ಸಂಪ್ರದಾಯವು ಇದಕ್ಕೆ ಸಮಾನವಾದುದು: ಒಂದೆಡೆ ಹಿಮವನ್ನೂ ಇನ್ನೊಂದೆಡೆ ಮಳೆಯನ್ನೂ ಒಂದೇ ಕಾಯಿ ದಾಟಿಸುತ್ತದೆ.

ಸಂಗ್ರಹಕ್ಕೆ ತೆಗೆದಿಡುವ ಕಾಯಿಯು ಪೂರ್ಣ ಬಲಿತಿದ್ದು, ಉಗುರಿನಿಂದ ಒತ್ತಿದರೆ ತೊಗಟೆ ಹರಿಯದಷ್ಟು ಗಡುಸಾಗಿರಬೇಕು. ಎರಡು ಮೂರು ಅಂಗುಲ ತೊಟ್ಟನ್ನು ಉಳಿಸಿಯೇ ಕೊಯ್ಯಬೇಕು, ಏಕೆಂದರೆ ತೊಟ್ಟು ಕಳಚಿದ ಗಾಯದಿಂದಲೇ ಕೊಳೆ ಒಳಹೊಗುವುದು. ಕಬೋಚದ ವಿಷಯದಲ್ಲಿ ಸಂಗ್ರಹವು ರುಚಿಗೂ ಆವಶ್ಯಕ. ಕೊಯ್ದ ಕೂಡಲೆ ಅದರ ತಿರುಳು ಹಿಟ್ಟುಹಿಟ್ಟಾಗಿರುತ್ತದೆ. ಕೆಲವು ವಾರಗಳ ಕಾಲ ಇಟ್ಟಮೇಲೆ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು ಮಾಧುರ್ಯ ತುಂಬುತ್ತದೆ. ಕೊಯ್ದು ಹೋಳು ಮಾಡಿದ ಕಾಯಿಯಾದರೋ ಕೆಲವೇ ದಿನ ತಾಳಬಲ್ಲುದು. ಬೀಜವನ್ನೂ ಅದರ ಸುತ್ತಲಿನ ನಾರನ್ನೂ ಮೊದಲು ತೆಗೆದುಬಿಡುವುದು ಅಗತ್ಯ.

ಪಾಕವಿಧಾನಗಳು

ಕೆಂಬುಡೆಯ ಅಡುಗೆಯಲ್ಲಿ ಎಲ್ಲಕ್ಕೂ ಮೊದಲು ತಿಳಿಯಬೇಕಾದುದು ಅದರ ಬೇಯುವ ವೇಗ. ಕುದಿಯುವ ನೀರಿನಲ್ಲಿ ಅಂಗುಲ ಗಾತ್ರದ ಹೋಳುಗಳು ಸುಮಾರು ಹತ್ತು ನಿಮಿಷಗಳಲ್ಲಿ ಮೆತ್ತಗಾಗುತ್ತವೆ, ಇನ್ನೈದು ನಿಮಿಷ ಕಳೆದರೆ ಕರಗಿ ಸಾರಿನಲ್ಲಿ ಸೇರಿಹೋಗುತ್ತವೆ. ಆದುದರಿಂದ ಹುಳಿಯಂತಹ ಅಡುಗೆಗಳಿಗೆ ಎಳೆಯ ಕಾಯಿಯ ಸಿಪ್ಪೆಯನ್ನು ಉಳಿಸಿಯೇ ಹೆಚ್ಚುವುದು ರೂಢಿ. ಸಿಪ್ಪೆಯು ಹೋಳಿಗೆ ಕಟ್ಟಿನಂತೆ ಒದಗುತ್ತದೆ. ಹುಣಸೆಯ ಆಮ್ಲವು ತರಕಾರಿಯ ಹೋಳನ್ನು ಬಿಗಿಗೊಳಿಸುವ ಗುಣವುಳ್ಳದಾದ ಕಾರಣ ಹೋಳು ಮುಕ್ಕಾಲು ಬೆಂದಾಗ ಹುಣಸೆರಸವನ್ನು ಸೇರಿಸಿದರೆ ಅದು ಮುಂದೆ ಒಡೆಯದೆ ನಿಲ್ಲುತ್ತದೆ. ದೊಡ್ಡ ಕಾಯಿಯನ್ನು ಮೆಟ್ಟುಕತ್ತಿಯಲ್ಲಿ ಒಮ್ಮೆಗೇ ಸೀಳಲು ಹೋಗದೆ, ತೊಟ್ಟಿನ ಪಕ್ಕದಿಂದ ಗೀರಿನ ಗುಂಟ ಕೊಯ್ಯುವುದು ಕ್ಷೇಮ. ಕಬೋಚದ ತೊಗಟೆ ಇನ್ನೂ ಕಠಿನವಾದುದರಿಂದ ಇಡಿಯ ಕಾಯಿಗೆ ಕೆಲವು ನಿಮಿಷ ಉಗಿ ಕೊಟ್ಟು ಆಮೇಲೆ ಹೆಚ್ಚಬಹುದು; ಬೆಂದ ಮೇಲೆ ಅದರ ತೊಗಟೆಯೂ ತಿನ್ನಲು ಯೋಗ್ಯವೇ.

ಕೊದ್ದೆಲು: ಶಿವಳ್ಳಿ ಸಂಪ್ರದಾಯದ ಮನೆಗಳಲ್ಲಿಯೂ ಉಡುಪಿಯ ಪಾಕಪದ್ಧತಿಯಲ್ಲಿಯೂ ಕೊದ್ದೆಲು ಎಂದರೆ ಹುರಿದ ಸಾಂಬಾರವನ್ನು ತೆಂಗಿನಕಾಯಿಯೊಡನೆ ಅರೆದು ಹಾಕಿದ ಹುಳಿ. ಅರ್ಧ ಕಿಲೋಗ್ರಾಂ ಕೆಂಬುಡೆಗೆ ಅರ್ಧ ಕುಡ್ತೆ ಅಲಸಂಡೆಕಾಳು ಅಥವಾ ಕಡಲೆಯನ್ನು ರಾತ್ರಿಯೇ ನೆನೆಹಾಕಿ, ಮೊದಲು ಕಾಳನ್ನು ಪೂರ್ತಿಯಾಗಿ ಬೇಯಿಸಿಕೊಂಡು, ಅದಕ್ಕೆ ಹೋಳುಗಳನ್ನು ಸೇರಿಸಬೇಕು. ಎರಡನ್ನೂ ಒಟ್ಟಿಗೆ ಒಲೆಗಿಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಎರಡು ಚಮಚ ಕೊತ್ತಂಬರಿ, ಒಂದು ಚಮಚ ಉದ್ದಿನಬೇಳೆ, ಅರ್ಧ ಚಮಚ ಜೀರಿಗೆ, ಕೆಲವೇ ಕಾಳು ಮೆಂತ್ಯ, ಐದಾರು ಒಣಮೆಣಸು, ಚೂರು ಇಂಗು, ಇವನ್ನು ತೆಂಗಿನೆಣ್ಣೆಯಲ್ಲಿ ಪರಿಮಳ ಬರುವಂತೆ ಹುರಿದು, ಒಂದು ಕುಡ್ತೆ ಹೆರೆದ ತೆಂಗಿನಕಾಯಿಯ ಜೊತೆಗೆ ನುಣ್ಣಗೆ ಅರೆದು, ಉಪ್ಪು, ಹುಣಸೆ, ನೆಲ್ಲಿಕಾಯಿ ಗಾತ್ರದ ಬೆಲ್ಲಗಳೊಡನೆ ಕೂಡಿಸಿ ಕುದಿಸಿ, ಸಾಸಿವೆ ಮತ್ತು ಕರಿಬೇವಿನಸೊಪ್ಪಿನ ಒಗ್ಗರಣೆ ಕೊಡುವುದು ಕ್ರಮ. ಕೆಂಬುಡೆಯ ಸ್ವಂತ ಸಿಹಿಯನ್ನು ನೋಡಿಕೊಂಡು ಬೆಲ್ಲವನ್ನು ಇಳಿಸಬೇಕು. ಗೌಡ ಸಾರಸ್ವತರ ಕೊದ್ದೇಲ್ ಹೆಸರಿನಲ್ಲಿ ಇದಕ್ಕೆ ಸಮೀಪವಾದರೂ ವಿಧಾನದಲ್ಲಿ ಬೇರೆ: ಅದರಲ್ಲಿ ಕೊತ್ತಂಬರಿ ಮೆಂತ್ಯಗಳಿಲ್ಲ, ಹುರಿದ ಮೆಣಸು ಹುಣಸೆಗಳನ್ನು ಕಾಯಿಯೊಡನೆ ಅರೆದು, ಜಜ್ಜಿದ ಬೆಳ್ಳುಳ್ಳಿಯನ್ನು ಕೆಂಪಗೆ ಕಾಯಿಸಿದ ಒಗ್ಗರಣೆಯೇ ಅದರ ಜೀವ. ತೆಂಗಿನಕಾಯಿಯನ್ನೇ ಹಾಕದ ಬೋಳು ಕೊದ್ದೆಲು ಕುಚ್ಚಲಕ್ಕಿಯ ಗಂಜಿಗೆ ತಕ್ಕುದು.

ಸುಕ್ಕ ಮತ್ತು ಪಲ್ಯ: ನೀರನ್ನು ಅತಿ ಕಡಿಮೆ ಚಿಮುಕಿಸಿ, ಮುಚ್ಚಳವಿಟ್ಟು, ಕಾಯಿಯ ರಸದಲ್ಲಿಯೇ ಬೇಯಿಸಿ, ಕೊನೆಯಲ್ಲಿ ತರಿತರಿಯಾಗಿ ಅರೆದ ತೆಂಗಿನಕಾಯಿ ಮಸಾಲೆಯನ್ನು ಬೆರೆಸುವರು. ಮೀನು ತಿನ್ನುವ ಮನೆಗಳಲ್ಲಿ ಮಳೆಗಾಲದಲ್ಲಿ ಒಣ ಎಟ್ಟಿಯನ್ನು, ಅಂದರೆ ಸಿಗಡಿಯನ್ನು, ಇದಕ್ಕೆ ಸೇರಿಸುವುದುಂಟು.

ಸಾಸಿವೆ: ಬೆಂದು ಆರಿದ ಹೋಳುಗಳಿಗೆ ಹಸಿ ತೆಂಗಿನಕಾಯಿ, ಮೆಣಸು, ಒಂದು ಚಮಚ ಸಾಸಿವೆಯನ್ನು ಅರೆದು ಮೊಸರಿನೊಡನೆ ಕಲಸುವ ವ್ಯಂಜನವಿದು. ಸಾಸಿವೆಯ ಘಾಟು ಬಿಸಿಗೆ ಹಾರಿಹೋಗುವ ತೈಲದಿಂದ ಬರುವುದಾದುದರಿಂದ ಇದನ್ನು ಕುದಿಸಲಾಗದು.

ದೋಸೆ: ನೆನೆದ ಎರಡು ಕುಡ್ತೆ ಬೆಳ್ತಿಗೆ ಅಕ್ಕಿಗೆ ಅಷ್ಟೇ ಪ್ರಮಾಣದ ಕೆಂಬುಡೆಯ ತುರಿ, ಸ್ವಲ್ಪ ಬೆಲ್ಲ, ಉಪ್ಪು ಸೇರಿಸಿ ಅರೆದರೆ ಹುದುಗಿಗೆ ಕಾಯದೆ ಆ ಕ್ಷಣವೇ ಎರೆಯಬಹುದು. ಸಕ್ಕರೆಯ ಅಂಶದಿಂದ ಬೇಗ ಕರಿಯಾಗುವ ಭಯವಿರುವ ಕಾರಣ ಕಾವಲಿಯನ್ನು ಮಂದವಾದ ಉರಿಯಲ್ಲಿಟ್ಟು, ಮುಚ್ಚಿ, ನಿಧಾನವಾಗಿ ಬೇಯಿಸಬೇಕು.

ಗಟ್ಟಿ ಅಥವಾ ಕಡುಬು: ಈ ಫಲದ ಅಡುಗೆಗಳಲ್ಲಿ ಅತ್ಯಂತ ಸೊಗಸಾದುದು ಇದೇ ಎಂದು ಹೇಳಬಹುದು. ಅಕ್ಕಿಯನ್ನು ತೆಂಗಿನಕಾಯಿಯೊಡನೆ ನೀರು ತಾಗಿಸದಂತೆ ತರಿಯಾಗಿ ಕಡೆದು, ಬಲಿತ ಕೆಂಬುಡೆಯ ತುರಿ, ಪುಡಿಮಾಡಿದ ಬೆಲ್ಲ, ಏಲಕ್ಕಿಗಳನ್ನು ಕೂಡಿಸಿ ಸ್ವಲ್ಪ ಹೊತ್ತು ಬಿಟ್ಟರೆ ಬೆಲ್ಲವು ತುರಿಯಿಂದ ರಸವನ್ನು ಹೊರಗೆಳೆದು ಹಿಟ್ಟು ತಾನಾಗಿಯೇ ಹದಕ್ಕೆ ಬರುತ್ತದೆ. ಆ ಹಿಟ್ಟನ್ನು ಬಾಡಿಸಿದ ಬಾಳೆಯೆಲೆಯಲ್ಲೋ, ನಸುಗೆಂಪನ್ನೂ ವಿಶಿಷ್ಟ ಗಂಧವನ್ನೂ ಬಿಟ್ಟುಕೊಡುವ ತೇಗದ ಎಲೆಯಲ್ಲೋ, ಮಳೆಗಾಲವಾದರೆ ಹಿತ್ತಲಲ್ಲಿ ಚಿಗುರಿನಿಂತ ಅರಸಿನದ ಎಲೆಯಲ್ಲೋ ಮಡಚಿ, ತೊಂದುರು ಎಂಬ ಉಗಿಪಾತ್ರೆಯಲ್ಲಿ ಮುಕ್ಕಾಲು ಗಂಟೆಯಷ್ಟು ಕಾಲ ಬೇಯಿಸಿ, ತುಪ್ಪದೊಡನೆ ಬಡಿಸುತ್ತಾರೆ. ಇದೇ ಹಿಟ್ಟನ್ನು ಇನ್ನಷ್ಟು ಗಟ್ಟಿಯಾಗಿಸಿ ಎಣ್ಣೆಯಲ್ಲಿ ಉಂಡೆಗಳಾಗಿ ಕರಿದರೆ ಮುಳ್ಕ. ಘಟ್ಟದಾಚೆಯ ವಿಜಯಪುರ, ಬಾಗಲಕೋಟೆಗಳಲ್ಲಿ ಗೋದಿಹಿಟ್ಟಿನೊಡನೆ ಕರಿಯುವ ಕುಂಬಳಕಾಯಿ ಗಾರ್ಗಿ ಇದರ ಸೋದರ.

ಪಾಯಸ ಮತ್ತು ಹಲ್ವ: ಬೆಂದ ತಿರುಳನ್ನು ಮಸೆದು ಬೆಲ್ಲ ಮತ್ತು ತೆಂಗಿನಹಾಲಿನಲ್ಲಿ ಕುದಿಸಿದರೆ ಪಾಯಸ; ತುರಿಯನ್ನು ತುಪ್ಪದಲ್ಲಿ ಹುರಿದು ಸಕ್ಕರೆಯೊಡನೆ ಮಗುಚಿದರೆ ಹಲ್ವ.

ಇತರ ಅಂಗಗಳ ಬಳಕೆ

ಕೆಂಬುಡೆಯಲ್ಲಿ ಎಸೆಯತಕ್ಕ ಭಾಗ ಅತ್ಯಲ್ಪ. ಎಳೆಯ ಕುಡಿಯನ್ನು ನಾರು ಸುಲಿದು ಪಲ್ಯ ಮಾಡುವರು. ಗಂಡುಹೂವನ್ನು ಅಕ್ಕಿಹಿಟ್ಟಿನಲ್ಲೋ ಕಡಲೆಹಿಟ್ಟಿನಲ್ಲೋ ಅದ್ದಿ ಪೋಡಿ ಕರಿಯುವರು. ಸಿಪ್ಪೆಯನ್ನು ಹುರಿದು ಉದ್ದಿನಬೇಳೆ, ಮೆಣಸು, ಹುಣಸೆ, ಕಾಯಿಗಳೊಡನೆ ಚಟ್ನಿ ಅರೆಯುವರು. ಬೀಜದ ಸುತ್ತಲಿನ ನಾರುತಿರುಳೂ ಚಟ್ನಿಗೆ ಸಲ್ಲುತ್ತದೆ. ಬೀಜವನ್ನು ತೊಳೆದು ಒಣಗಿಸಿ, ಹುರಿದು ಸುಲಿದು ತಿನ್ನುವರು.

ಆಚಾರ ಮತ್ತು ಆಹಾರನಿಯಮ

1432ರಲ್ಲಿ ಪ್ರತಿಷ್ಠಿತವಾದ ಗೊಮ್ಮಟಮೂರ್ತಿಯಿಂದಲೂ 1586ರ ಚತುರ್ಮುಖ ಬಸದಿಯಿಂದಲೂ ಪ್ರಸಿದ್ಧವಾದ ಕಾರ್ಕಳದಲ್ಲಿ ಜೈನರ ಆಹಾರನಿಯಮವು ಊರಿನ ಅಡುಗೆಯ ಒಂದು ಮುಖ್ಯ ಧಾರೆ. ಕಂದಮೂಲಗಳನ್ನು ವರ್ಜಿಸುವ ಮನೆಗಳಲ್ಲಿ ನೆಲದ ಮೇಲೆ ಫಲಿಸುವ ತರಕಾರಿಗಳ ಮೇಲೆಯೇ ನಿತ್ಯದ ಊಟ ನಿಲ್ಲಬೇಕಾಗುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಉಡುಪಿಯ ಮಠದ ಅಡುಗೆಯಲ್ಲಿಯೂ ಕುಂಬಳ ಕೆಂಬುಡೆಗಳಿಗೆ ಸ್ಥಾನ ದೊಡ್ಡದು. ಚಾತುರ್ಮಾಸ್ಯದ ಮೊದಲ ತಿಂಗಳಾದ ಶಾಕವ್ರತದಲ್ಲಿ ಮಾತ್ರ ವ್ರತಸ್ಥರು ತರಕಾರಿಗಳನ್ನು ಬಿಡುತ್ತಾರೆ. ಒಂದೇ ಕಾಯಿ ಬಹು ಜನರಿಗೆ ಸಾಲುವುದರಿಂದ ಅನ್ನಸಂತರ್ಪಣೆಯ ಅಡುಗೆಯವರಿಗೆ ಇದು ಅನುಕೂಲ. ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದಂತೆ ಈ ಸೀಮೆಯವರು ಊರೂರಲ್ಲಿ ಹೋಟೆಲುಗಳನ್ನು ತೆರೆದಾಗ ಕೆಂಬುಡೆಯ ಹೋಳುಳ್ಳ ಹುಳಿಯೂ ಅವರೊಡನೆ ಪರಸ್ಥಳಗಳಿಗೆ ಹೋಯಿತು.

ಪೋಷಣಗುಣ

ಹಸಿಯ ತಿರುಳಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿದ ಭಾಗ ನೀರು; 100 ಗ್ರಾಮಿನಿಂದ ದೊರೆಯುವ ಶಕ್ತಿ ಸುಮಾರು 26 ಕಿಲೋಕ್ಯಾಲರಿ. ಇದರ ಬಣ್ಣಕ್ಕೆ ಕಾರಣವಾದ ಕೆರೋಟಿನನ್ನು ದೇಹವು ಎ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಕೆರೋಟಿನ್ ಜಿಡ್ಡಿನಲ್ಲಿ ಕರಗತಕ್ಕ ವಸ್ತುವಾದುದರಿಂದ ತೆಂಗಿನಕಾಯಿ, ತೆಂಗಿನೆಣ್ಣೆಗಳೊಡನೆ ಬೇಯಿಸುವ ಕರಾವಳಿಯ ಪದ್ಧತಿ ಅದರ ಹೀರಿಕೆಗೆ ಸಹಕಾರಿ. ಅಪರೂಪಕ್ಕೆ ಕಹಿಯಾದ ಕಾಯಿ ಸಿಗುವುದುಂಟು. ಆ ಕಹಿಯು ಕುಕರ್ಬಿಟಾಸಿನ್ ಎಂಬ ವಿಷಾಂಶದ ಲಕ್ಷಣವಾದ ಕಾರಣ ಬೆಲ್ಲ ಹಾಕಿ ಮರೆಸದೆ ಇಡೀ ಅಡುಗೆಯನ್ನು ಚೆಲ್ಲಬೇಕು.

ಇಂದಿನ ಸ್ಥಿತಿ

ಮನೆಯ ಮಾಡು ಕಾಂಕ್ರೀಟಾಗಿ, ಒಲೆ ಅನಿಲದ್ದಾಗಿ, ಜಂತಿಗೆ ತೂಗುಹಾಕುವ ಅವಕಾಶವೇ ಇಲ್ಲವಾದ ಮೇಲೆ ವರ್ಷದ ಸಂಗ್ರಹ ಬಹುಮಟ್ಟಿಗೆ ನಿಂತಿದೆ. ಘಟ್ಟದ ಮೇಲಿನಿಂದ ಬರುವ ಕಾಯಿಯನ್ನು ಅಂಗಡಿಯಲ್ಲಿ ಹೋಳು ಮಾಡಿ ತೂಕದಿಂದ ಮಾರುವುದು ಸಾಮಾನ್ಯವಾಗಿದೆ. ಚಿಕ್ಕ ಸಂಸಾರಗಳಿಗೆ ಸಣ್ಣ ಕಾಯಿಯ ತಳಿಗಳು ಒಪ್ಪುತ್ತವೆ.

ಪರದೇಶಗಳಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳು ಕೆಂಬುಡೆಯ ಸ್ಥಾನದಲ್ಲಿ ಬಳಸಬಹುದಾದ ಫಲಗಳು ಎರಡು. ಬಟರ್‌ನಟ್ ಎಂಬ ನೀಳವಾದ ಕಾಯಿಯು ಕೆಂಬುಡೆಯ ಮಾಸ್ಕಾಟ ಜಾತಿಯದೇ ಆದುದರಿಂದ ಪಾಕದಲ್ಲಿ ಹೆಚ್ಚು ಬದಲಾವಣೆ ಬೇಡ. ಕಬೋಚದ ತಿರುಳಾದರೋ ಒಣದಾಗಿ, ಹಿಟ್ಟಾಗಿ, ಬೇಯಿಸಿದ ಗೆಣಸನ್ನೋ ಚೆಸ್ಟ್‌ನಟ್ ಬೀಜವನ್ನೋ ನೆನಪಿಸುವಂತಹುದು. ಸುಕ್ಕ, ಹಲ್ವ, ಮುಳ್ಕಗಳಲ್ಲಿ ಅದು ಕೆಂಬುಡೆಯನ್ನೂ ಮೀರಿಸಬಲ್ಲುದು, ಆದರೆ ಕೊದ್ದೆಲಿನಲ್ಲಿ ಬೇಗ ಒಡೆದು ರಸವನ್ನು ಮಂದಗೊಳಿಸುವುದರಿಂದ ದೊಡ್ಡ ಹೋಳುಗಳಾಗಿ, ತೊಗಟೆಸಹಿತ, ಕೊನೆಯಲ್ಲಿ ಹಾಕಬೇಕು. ಗಟ್ಟಿಯ ಹಿಟ್ಟಿಗೆ ಅದರಿಂದ ಸಾಕಷ್ಟು ರಸ ಬಾರದ ಕಾರಣ ನಾಲ್ಕಾರು ಚಮಚ ತೆಂಗಿನಹಾಲನ್ನು ಕೂಡಿಸಬೇಕು. ಹಿತ್ತಲಿನಲ್ಲಿ ಕೆಂಬುಡೆ, ಕಬೋಚಗಳೆರಡನ್ನೂ ಬೆಳೆಯಬಯಸುವವರು ಅಂಗಡಿಯ ಸಂಕರತಳಿಯ ಕಾಯಿಯಿಂದ ಬೀಜ ತೆಗೆಯದೆ, ನಾಟಿ ಕಾಯಿಯ ಬಲಿತ ಬೀಜವನ್ನೇ ಬೂದಿಯಲ್ಲಿ ತಿಕ್ಕಿ ನೆರಳಿನಲ್ಲಿ ಒಣಗಿಸಿ ಇಟ್ಟುಕೊಳ್ಳಬೇಕು. ಮಾಸ್ಕಾಟವೂ ಮ್ಯಾಕ್ಸಿಮವೂ ಸಹಜವಾಗಿ ಪರಸ್ಪರ ಬೆರೆಯುವುದು ವಿರಳವಾದ ಕಾರಣ ಕೆಂಬುಡೆಯ ಬಳ್ಳಿಯ ಪಕ್ಕದಲ್ಲಿಯೇ ಕಬೋಚವು ಹಬ್ಬಿದರೂ ಮುಂದಿನ ವರ್ಷದ ಬೀಜ ಬಹುಮಟ್ಟಿಗೆ ಕೆಡದು.